ಮೊಣಕಾಲಿಗೆ ಮೊಣಕಾಲು

ಕೀಲಿ ತಿರುಗಿಸಿದರೆ ಇಂಜಿನ್ ಶುರುವಾಗಬೇಕು. ಟೀಚರ್ ಕಾರಿನಲ್ಲಿ ವೈಪರ್ ಶುರುವಾಯಿತು. ರಿಪೇರಿ ಶೆಡ್ಡಿನ ಇಬ್ಬರಲ್ಲಿ ತಮ್ಮನಾದವನು ಕೀಲಿಯನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ತಿರುಗಿಸಿದ. ಈ ಸಲವೂ ವೈಪರೇ. ಬ್ರೇಕ್ ತುಳಿದ, ಮುಂದೆ ರೇಡಿಯೇಟರ್ ಫ್ಯಾನು ಗಿರ್ರೆಂದು ತಿರುಗಿತು. ಇಂಡಿಕೇಟರ್ ಹಾಕಿದ, ಪೆಟ್ರೋಲ್ ಮುಳ್ಳು ಎದ್ದು ಬಿದ್ದು ಎದ್ದು ಬಿದ್ದು ಅದರ ತಾಳಕ್ಕೆ ಸರಿಯಾಗಿ ಕುಣಿಯತೊಡಗಿತು. ಮೂವತ್ತು ವರ್ಷ ಗಾಡಿಗಳ ಹೊಟ್ಟೆಯೊಳಗೆ ಕೈ ಹಾಕಿದವನು ಅವನು. ಇಂಥ ಹುಚ್ಚಾಟ ಮಾತ್ರ ಕಂಡಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಕೆಳಗಿಳಿದು, ಬಾನೆಟ್ ಮುಂದೆ ನಿಂತು ತಲೆ ಕೆರೆದುಕೊಂಡ.

ಬೀದಿಯವರಿಗೆಲ್ಲ ಅದು ಅಣ್ಣತಮ್ಮಂದಿರ ಶೆಡ್ಡು. ಕಬ್ಬಿಣದ ಕೆಲಸಕ್ಕೆ ತಮ್ಮ, ವೈರಿನ ಕೆಲಸಕ್ಕೆ ಅಣ್ಣ. ಹಾಗಂತ ಯಾರೂ ಹಂಚಿಕೊಟ್ಟಿದ್ದಲ್ಲ. ತಮ್ಮನಿಗೆ ವೈರು ಕಂಡರೆ ಮೈಯೆಲ್ಲ ಉರಿ, ಅಣ್ಣನಿಗೆ ಸುತ್ತಿಗೆಯ ಸದ್ದು ಕೇಳಿದರೆ ತಲೆನೋವು. ಹಾಗಾಗಿ ಇಬ್ಬರೂ ಜಗಳವಿಲ್ಲದೆ ಒಂದೇ ಗಾಡಿಯ ಎರಡು ಕಡೆ ಕೂತು ಕಾಲ ಕಳೆದಿದ್ದರು.

ಟೀಚರ್ ಅಂದರೆ ನಿವೃತ್ತ ಸಂಗೀತದ ಟೀಚರ್. ಅವರ ಕಾರಿಗೆ ಇಪ್ಪತ್ತಾರು ವರ್ಷ, ಅದರ ಇಂಜಿನ್ನು ಪೆಟ್ರೋಲಿಗಿಂತ ಹೆಚ್ಚು ಆಯಿಲ್ ಕುಡಿಯುತ್ತಿತ್ತು. ಬೇರೆ ಕಾರು ತಗೊಳ್ಳಿ ಅಂದರೆ ಟೀಚರ್ ಕಣ್ಣಲ್ಲಿ ನೀರು. ಕೊನೆಗೆ ಅದೇ ಕಂಪನಿಯ, ಹತ್ತು ವರ್ಷ ಚಿಕ್ಕದಾದ ಇನ್ನೊಂದು ಕಾರು ಸಿಕ್ಕಿತು. ಹಿಂದಿನಿಂದ ಲಾರಿ ಗುದ್ದಿ ಅದರ ಡಿಕ್ಕಿ ಹಿಂದಿನ ಸೀಟಿಗೆ ಬಂದು ಕೂತಿತ್ತು, ಮುಂದಿನ ಅರ್ಧಕ್ಕೆ ಏನೂ ಆಗಿರಲಿಲ್ಲ. ಇಂಜಿನ್, ಗೇರ್‌ಬಾಕ್ಸ್, ಚಕ್ರ ತಿರುಗಿಸುವ ಶಾಫ್ಟುಗಳು, ಪೆಟ್ರೋಲ್ ಪಂಪು, ಎಲ್ಲವನ್ನೂ ಆಳುವ ಕಂಪ್ಯೂಟರ್ ಡಬ್ಬಿ, ಹೀಗೆ ಗಾಡಿಯನ್ನು ಓಡಿಸುವುದೆಲ್ಲವನ್ನೂ ಅದರಿಂದ ತೆಗೆದು ಇದಕ್ಕೆ ಹಾಕುವುದೆಂದು ಮಾತಾಯಿತು. ಕಬ್ಬಿಣದ ಕೆಲಸ ಹನ್ನೊಂದು ದಿನದಲ್ಲಿ ಮುಗಿಯಿತು. ಇಂಜಿನ್ ಕೂರುವ ಹಳೇ ಹಿಡಿಕೆಗಳನ್ನು ತಮ್ಮ ಕತ್ತರಿಸಿ, ಹೊಸದನ್ನು ಬೆಸೆದು ಇಂಜಿನ್ ಇಳಿಸಿದರೆ, ಇದು ತನ್ನದೇ ಜಾಗ ಅನ್ನುವ ಹಾಗೆ ಅದು ಕೂತುಬಿಟ್ಟಿತು.

ಉಳಿದದ್ದು ವೈರು. ಹೊಸ ಇಂಜಿನ್ನಿನ ಇಪ್ಪತ್ತನಾಲ್ಕು ವೈರುಗಳಿಗೆ ಹಳೇ ಕಾರಿನ ಇಪ್ಪತ್ತನಾಲ್ಕು ವೈರು ಕೂಡಿಸಬೇಕು. ಹಳೇ ಕಾರಿಗೋ, ಇಪ್ಪತ್ತಾರು ವರ್ಷದಲ್ಲಿ ಕೈಗೆ ಸಿಕ್ಕ ಬಣ್ಣದ ವೈರು ಹಾಕಿ ರಿಪೇರಿ ಮಾಡಿದವರು ಎಷ್ಟು ಜನವೋ. ಬಣ್ಣ ನಂಬುವ ಹಾಗಿಲ್ಲ. ಒಂದೊಂದನ್ನೂ ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕಬೇಕು. ಅದರಲ್ಲಿ ಅಣ್ಣನದು ಎತ್ತಿದ ಕೈ.

ಆದರೆ ಏಳು ತಿಂಗಳ ಹಿಂದೆ ಅಣ್ಣ ಬಚ್ಚಲಲ್ಲಿ ಕುಸಿದು ಬಿದ್ದಿದ್ದ. ಕೈಕಾಲು ವಾಪಸ್ ಬಂದವು, ಮಾತು ಅರ್ಧ ಬಂತು. "ತಿಳಿವಳಿಕೆ ಎಲ್ಲ ಹಾಗೇ ಇದೆ, ವಸ್ತುಗಳ ಹೆಸರು ಮಾತ್ರ ಜಾಗ ಬದಲಾಯಿಸಿವೆ" ಅಂದಿದ್ದರು ಡಾಕ್ಟರು. ಹೌದು, ಇಲ್ಲ, ಬಾ, ನಡಿ, ಇಷ್ಟು ನೆಟ್ಟಗೆ ಬರುತ್ತಿತ್ತು. ಟವೆಲ್ ಬೇಕಾದಾಗ "ಕಿಟಕಿ, ಕಿಟಕಿ" ಅಂತ ಕೂಗುತ್ತಿದ್ದ. ಅತ್ತಿಗೆ ಓಡಿಹೋಗಿ ಕಿಟಕಿ ತೆರೆಯುತ್ತಿದ್ದರು. ಅಣ್ಣ ತಲೆಯಿಂದ ನೀರು ಸುರಿಸುತ್ತ ನಿಂತಿರುತ್ತಿದ್ದ.

ಅತ್ತಿಗೆಗೆ ಅವನು ಮತ್ತೆ ಶೆಡ್ಡಿಗೆ ಹೋಗುವುದು ಸುತರಾಂ ಇಷ್ಟವಿರಲಿಲ್ಲ. "ಇದೊಂದು ಗಾಡಿ ನೋಡೋಣ. ಇವರ ಕೈಲಿ ಆಯ್ತು ಅಂದ್ರೆ ಬರಲಿ. ಆಗಲಿಲ್ಲ ಅಂದ್ರೆ ಇನ್ಮೇಲೆ ಮನೇಲೇ ಇರ್ತಾರೆ. ಕರೆಂಟಿನ ಜೊತೆ ಚೆಲ್ಲಾಟ ಬೇಡ" ಅಂದಿದ್ದರು. ತಮ್ಮ ಆಗಲಿ ಅಂದಿದ್ದ. ಅಣ್ಣನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಣ್ಣ ಎರಡೂವರೆ ದಿನ ಕೂತ. ಟೆಸ್ಟ್ ಲ್ಯಾಂಪ್ ಚುಚ್ಚುವುದು, ಗೊಣಗುವುದು, ಕಾಗದದ ಟೇಪಿನ ಚೂರಿನ ಮೇಲೆ ಏನೋ ಬರೆದು ವೈರಿಗೆ ಸುತ್ತುವುದು. ಮೂರನೇ ದಿನ ಅವನು ಊಟಕ್ಕೆ ಹೋದಾಗ ಟೀಚರ್ ಕಾರು ನೋಡಲು ಬಂದರು. ಬಗ್ಗಿ ಒಂದೊಂದೇ ಚೀಟಿ ಓದಿದರು. ಗುರುವಾರ. ಕೊಡೆ. ಸಣ್ಣತ್ತೆ. ಬ್ಯಾಟರಿ ಪಕ್ಕದ ದಪ್ಪ ಕಂದು ವೈರಿನ ಮೇಲೆ, ಮೊಣಕಾಲು.

"ಮೊಣಕಾಲು! ಅದಕ್ಕೇ ಇದು ಕುಂಟ್ತಿತ್ತು ಅನ್ನಿ" ಎಂದು ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲ, ನನ್ನ ಕಾರಿಗೆ ಸಣ್ಣತ್ತೆ ಎಲ್ಲಿಂದ ಬಂದ್ಲಪ್ಪ?"

ಕೆಟ್ಟ ಹೆಂಗಸಲ್ಲ ಅವರು. ನಗು ಬಂತು, ನಕ್ಕರು, ಅಷ್ಟೇ. ಆದರೆ ಜೊತೆಗೆ ತಮ್ಮನೂ ನಕ್ಕ. ಅವರು ಹೋದ ಮೇಲೆ ಅವನು ಮತ್ತೆ ಚೀಟಿಗಳತ್ತ ನೋಡಿದ. ಅಣ್ಣನ ತಲೆ ಹೋಗಿದೆ, ಇದನ್ನು ನಾಳೆ ಊರೆಲ್ಲ ನೋಡಿ ನಗುತ್ತದೆ ಅನ್ನಿಸಿ ಅವನಿಗೆ ಕಿವಿ ಬಿಸಿಯಾಯಿತು. ಕೈಗೆ ಸಿಕ್ಕ ಚೀಟಿಯನ್ನೆಲ್ಲ ಓದಿಯೂ ನೋಡದೆ ಕಿತ್ತು, ಉಂಡೆ ಮಾಡಿ ಕಸದ ಡಬ್ಬಿಗೆ ಹಾಕಿದ. ಕಂಪನಿಯ ಪುಸ್ತಕ ತೆಗೆದು, ಬಣ್ಣ ನೋಡಿ, ತಾನೇ ನೀಟಾಗಿ ಹೊಸ ಚೀಟಿ ಬರೆದು ಅಂಟಿಸಿದ. ಅಣ್ಣನ ಮಾನ ಉಳಿಸುತ್ತಿದ್ದೇನೆ ಅಂತಲೇ ಅವನ ಲೆಕ್ಕ.

ಊಟ ಮುಗಿಸಿ ಬಂದ ಅಣ್ಣ ಬಾನೆಟ್ಟಿನೊಳಗೆ ನೋಡಿದ. ಕೈ ಒರೆಸಿಕೊಂಡು ಮನೆಗೆ ಹೋದ. ಸುಸ್ತಾಗಿರಬೇಕು ಅಂದುಕೊಂಡ ತಮ್ಮ. ಮಾರನೇ ದಿನ ಅಣ್ಣ ಬರಲಿಲ್ಲ. ಆಮೇಲೂ ಬರಲಿಲ್ಲ. ಈಗ ನಾಲ್ಕು ದಿನವಾಗಿತ್ತು. ಪುಸ್ತಕದ ಪ್ರಕಾರ ಕೂಡಿಸಿದ ಕಾರು ಕೀಲಿ ತಿರುಗಿಸಿದರೆ ಗಾಜು ಒರೆಸಿಕೊಳ್ಳುತ್ತಿತ್ತು.

ತಮ್ಮನಿಗೆ ಏನೂ ಅರ್ಥವಾಗಲಿಲ್ಲ. ಪುಸ್ತಕ ಸುಳ್ಳೋ, ಕಾರು ಸುಳ್ಳೋ, ತಾನೇ ಸುಳ್ಳೋ. ಬೇರೆ ದಾರಿ ಕಾಣದೆ ಟಾರ್ಚ್ ಹಿಡಿದು ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿದ. ಅಲ್ಲಿ, ಹೀಟರಿನ ಹಿಂದೆ, ಮೊನ್ನೆ ಕೈಗೆ ಎಟುಕದ ಮೂಲೆಯಲ್ಲಿ ಒಂದು ಚೀಟಿ ಉಳಿದುಕೊಂಡಿತ್ತು. ಮೊಣಕಾಲು.

ಅವನಿಗೆ ಇನ್ನಷ್ಟು ಗೊಂದಲವಾಯಿತು. ಮೊಣಕಾಲನ್ನು ಬ್ಯಾಟರಿ ಪಕ್ಕದಿಂದ ತಾನೇ ಕೈಯಾರೆ ಕಿತ್ತಿದ್ದನಲ್ಲ? ಇಲ್ಲಿಗೆ ಹೇಗೆ ಬಂತು? ಅಯ್ಯೋ ಪಾಪ, ಬರೆದದ್ದನ್ನೇ ಮರೆತು ಎರಡೆರಡು ಸಲ ಬರೆದಿದ್ದಾನೆ ಅಂತ ಮರುಗಿದ. ಮರುಕ್ಷಣ ಎದ್ದು ಕೂರಲು ಹೋಗಿ ಸ್ಟೀರಿಂಗಿಗೆ ಹಣೆ ಹೊಡೆಸಿಕೊಂಡ.

ಎರಡು ಸಲ! ಹೊಸ ಇಂಜಿನ್ನಿನ ವೈರಿಗೊಂದು ಮೊಣಕಾಲು, ಹಳೇ ಕಾರಿನ ವೈರಿಗೊಂದು ಮೊಣಕಾಲು.

ಪುಸ್ತಕ ನೋಡಿ ಇನ್ನೆಲ್ಲೋ ಕೂಡಿಸಿದ್ದ ಕಂದು ವೈರನ್ನು ಬಿಚ್ಚಿದ. ಒಂದು ತುಂಡು ವೈರು ಎಳೆದು ಅದನ್ನು ಹೀಟರ್ ಹಿಂದಿನದಕ್ಕೆ ಸೇರಿಸಿದ. ಕೀಲಿ ತಿರುಗಿಸಿದ. ಹಾಳು ವೈಪರ್ ಇನ್ನೂ ಓಡುತ್ತಲೇ ಇತ್ತು, ಆದರೆ ಅದರ ಸದ್ದಿನ ನಡುವೆ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಎರಡೇ ಸೆಕೆಂಡು ಗುಂಯ್‌ಗುಟ್ಟಿ ನಿಂತಿತು. ಹಾಗೇ ಆಗಬೇಕಾದದ್ದು. ಅಣ್ಣನಿಗೆ ಹೆಸರು ಮಾತ್ರ ತಪ್ಪಿತ್ತು, ವೈರು ಒಂದೂ ತಪ್ಪಿರಲಿಲ್ಲ. ಮೊಣಕಾಲಿಗೆ ಮೊಣಕಾಲು, ಸಣ್ಣತ್ತೆಗೆ ಸಣ್ಣತ್ತೆ. ಒಂದನೇ ಕ್ಲಾಸಿನ ಮಗುವಿಗೂ ಹೊಳೆಯುವಂಥದ್ದು. ಕಸದ ಗಾಡಿ ಬಂದುಹೋಗಿ ಮೂರು ದಿನವಾಗಿದ್ದರೂ ತಮ್ಮ ಓಡಿಹೋಗಿ ಖಾಲಿ ಡಬ್ಬಿಯೊಳಗೆ ಇಣುಕಿ ನೋಡಿದ.

ಅಣ್ಣನ ಮನೆ ಮೂರು ಬೀದಿ ಆಚೆ. ಅವನು ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದ. ಅತ್ತಿಗೆ ಬಾಗಿಲಿಗೆ ಬಂದು ದನಿ ತಗ್ಗಿಸಿದರು. "ಶೆಡ್ಡಿನ ಮಾತೆತ್ತಿದ್ರೆ ಎದ್ದು ಒಳಗೆ ಹೋಗ್ತಾರೆ. ಆಗಲ್ಲ ಅಂತ ಅವರಿಗೇ ಗೊತ್ತಾಗಿದೆ. ಬಿಟ್ಟುಬಿಡಪ್ಪ."

ತಮ್ಮ ಅಣ್ಣನ ಎದುರು ಕುಕ್ಕರುಗಾಲಲ್ಲಿ ಕೂತ. "ಅಣ್ಣಾ, ನಿನ್ನ ಚೀಟಿ ನಾನೇ ಕಿತ್ತೆ. ಟೀಚರ್ ನಕ್ಕರು. ನಾನೂ ನಕ್ಕೆ. ನಿಂಗೆ ಏನೂ ತಿಳಿಯಲ್ಲ ಅಂದ್ಕೊಂಡೆ. ತಿಳಿಯದೇ ಇದ್ದಿದ್ದು ನಂಗೆ."

ಅಣ್ಣ ಬಟಾಣಿ ಬಿಡಿಸುತ್ತಲೇ ಇದ್ದ. ಆಮೇಲೆ ಅಂಗಳದ ಮೂಲೆಯಲ್ಲಿದ್ದ ಕಸದ ಬುಟ್ಟಿಯತ್ತ ಬೆರಳು ತೋರಿಸಿದ. ಅದೇ ಬೆರಳನ್ನು ತನ್ನ ಎದೆಗೆ ಇಟ್ಟುಕೊಂಡ. ಶೆಡ್ಡಿನ ಡಬ್ಬಿಯಲ್ಲಿ ತನ್ನ ಬರಹ ಉಂಡೆಯಾಗಿ ಬಿದ್ದದ್ದನ್ನು ಅವನು ಅವತ್ತೇ ನೋಡಿದ್ದ. ಇನ್ನು ನೀನು ಬೇಡ ಅಂತ ತಮ್ಮ ಹೇಳುವ ರೀತಿ ಇದು ಅಂದುಕೊಂಡು, ಮಾತಾಡದೆ ಮನೆಗೆ ಬಂದಿದ್ದ. ತಮ್ಮ ಹಣೆ ಚಚ್ಚಿಕೊಂಡ. ಸುಸ್ತು ಅಂದುಕೊಂಡಿದ್ದನಲ್ಲ ತಾನು!

"ತಪ್ಪಾಯ್ತು. ಬಾ ಅಣ್ಣಾ."

"ಇಲ್ಲ" ಅಂದ ಅಣ್ಣ. ಈ ಮಾತು ಅವನಿಗೆ ಯಾವತ್ತೂ ತಪ್ಪುತ್ತಿರಲಿಲ್ಲ.

ತಮ್ಮ ಬೀದಿಯಲ್ಲಿ ನಿಂತು ಯೋಚಿಸಿದ. ಅಣ್ಣ ಶೆಡ್ಡಿಗೆ ಬರುವುದಿಲ್ಲ. ಸರಿ, ಕಾರಿಗೆ ಚಕ್ರ ಇದೆಯಲ್ಲ. ನೇರ ಟೀಚರ್ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದರು, ಚಪ್ಪಲಿ ಮೆಟ್ಟಿದರು. ಅವರು ಸ್ಟೀರಿಂಗ್ ಹಿಡಿದು ಕೂತರು, ತಮ್ಮ ಮತ್ತು ಪಕ್ಕದ ಟೈರ್ ಅಂಗಡಿಯವನು ಹಿಂದಿನಿಂದ ತಳ್ಳಿದರು. ಹೊಸ ಇಂಜಿನ್ ಹೊತ್ತ ಕಾರು ಜನ ನೋಡುತ್ತಿದ್ದ ಹಾಗೆ ಮೂರು ಬೀದಿ ಆಮೆಯಂತೆ ಸಾಗಿತು. ತಿರುವಿನಲ್ಲಿ ಟೈರ್ ಅಂಗಡಿಯವನು ಬೆವರು ಒರೆಸಿಕೊಂಡು, "ಇಂಜಿನ್ ಹಾಕಿದ್ದು ಹೌದೋ ಇಲ್ಲೋ?" ಅಂದ. ತಮ್ಮ ಇನ್ನೂ ಜೋರಾಗಿ ತಳ್ಳಿದ.

ಅಣ್ಣನ ಮೆಟ್ಟಿಲ ಮುಂದೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ತಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತ. ಅಣ್ಣ ಕಾರನ್ನು ನೋಡಿದ, ಬಟಾಣಿ ನೋಡಿದ, ಮತ್ತೆ ಕಾರನ್ನು ನೋಡಿದ. ಕಾಲು ಗಂಟೆಯಾಯಿತು. ಬಟಾಣಿ ಮುಗಿಯಿತು. ಕೊನೆಗೆ ಎದ್ದು ಬಂದು, ತಮ್ಮ ನೀಟಾಗಿ ಅಂಟಿಸಿದ್ದ ಚೀಟಿಗಳನ್ನು ಒಂದೊಂದೇ ಬಿಡಿಸತೊಡಗಿದ. ಬಿಡಿಸಿದ್ದನ್ನು ಎಸೆಯಲಿಲ್ಲ. ಮಡಚಿ ಮಡಚಿ ತಮ್ಮನ ಅಂಗೈಯಲ್ಲಿ ಇಟ್ಟ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ತಮ್ಮನಿಗೆ.

ಮತ್ತೆ ಎರಡು ದಿನ ಹಿಡಿಯಿತು. ಈ ಸಲದ ಹೆಸರುಗಳೇ ಬೇರೆ. ಸೌತೆಕಾಯಿ, ನೆಗಡಿ, ಚಿಕ್ಕಪ್ಪನ ಮಗ. ಯಾಕೆ ಅಂತ ತಮ್ಮ ಕೇಳಲಿಲ್ಲ. ಸೌತೆಕಾಯಿಗೆ ಸೌತೆಕಾಯಿ, ನೆಗಡಿಗೆ ನೆಗಡಿ ಅಂತ ಗೊಣಗುತ್ತ ಕೂಡಿಸಿದ, ಟೇಪ್ ಸುತ್ತಿದ. ಅತ್ತಿಗೆ ಬಾಗಿಲಲ್ಲೇ ನಿಂತು, ಗಂಡ ಕಿಡಿ ಹಾರಿಸಿಕೊಳ್ಳುತ್ತಾನೋ ಅಂತ ಕಣ್ಣಿಟ್ಟು ಕಾದರು. ಒಂದು ಕಿಡಿಯೂ ಹಾರಲಿಲ್ಲ.

ಶನಿವಾರ ಮಧ್ಯಾಹ್ನ ತಮ್ಮ ಕೀಲಿ ತಿರುಗಿಸಿದ. ವೈಪರ್ ಮಲಗೇ ಇತ್ತು. ಪಂಪು ಗುಂಯ್‌ಗುಟ್ಟಿತು, ಇಂಜಿನ್ ಒಮ್ಮೆ ಕೆಮ್ಮಿತು, ಎರಡನೇ ಸಲಕ್ಕೆ ಹೊತ್ತಿಕೊಂಡು ಸಮನಾಗಿ ಓಡತೊಡಗಿತು. ತಮ್ಮನಿಗೆ ಮುಂದಿನ ಗಾಜು ಮಂಜುಮಂಜಾಗಿ ಕಂಡಿತು. ಅದು ವೈಪರಿನಿಂದ ಹೋಗುವ ಮಂಜಲ್ಲ.

ಅತ್ತಿಗೆ ಕೆಳಗಿಳಿದು ಬಂದರು. ಮುಖದಲ್ಲಿ ಸಂತೋಷವೂ ಇತ್ತು, ಭಯವೂ ಇತ್ತು. ಎರಡರಲ್ಲಿ ಯಾವುದನ್ನು ಹೇಳಬೇಕೆಂದು ಅವರಿಗೂ ಗೊತ್ತಿದ್ದಂತಿರಲಿಲ್ಲ. "ಆಯ್ತಲ್ಲ, ಗಾಡಿ ಮುಗೀತು. ಸಾಕು, ಒಳಗೆ ಬನ್ನಿ. ಊಟ ಮಾಡಿ ಮಲಗಿ" ಅಂದರು ಗಂಡನಿಗೆ.

ಅಣ್ಣ ಬಾನೆಟ್ ಮುಚ್ಚಿದ. ಮೆಟ್ಟಿಲ ಕಡೆ ಹೋಗಲಿಲ್ಲ. ಕಾರನ್ನು ಬಳಸಿಕೊಂಡು ಬಂದು, ಎಡಗಡೆ ಬಾಗಿಲು ತೆಗೆದು, ತಮ್ಮನ ಪಕ್ಕ ಕೂತ.

"ನಡಿ."

"ಎಲ್ಲಿಗೆ ಅಣ್ಣಾ?"

ಅಣ್ಣ ಬಾಯಿ ತೆರೆದ, ತಡೆದ, ಹುಡುಕಿದ. "ಆಸ್ಪತ್ರೆ" ಅಂದ.

ಅತ್ತಿಗೆ ಕಾರಿನ ಕಿಟಕಿಗೆ ಓಡಿಬಂದರು. "ಆಸ್ಪತ್ರೆಗಾ? ಅಯ್ಯೋ, ಏನಾಯ್ತು? ತಲೆ ಸುತ್ತುತಾ ಇದೆಯಾ? ಕೈ ಜೋಮು ಹಿಡೀತಾ?"

"ಏನೂ ಆಗಿಲ್ಲ ಅತ್ತಿಗೆ. ಶೆಡ್ಡಿಗೆ ಹೋಗ್ತಿದೀವಿ" ಅಂದ ತಮ್ಮ, ಗೇರು ಹಾಕುತ್ತ.

"ಅವರು ಆಸ್ಪತ್ರೆ ಅಂದರಲ್ಲ!"

"ಹೂಂ, ಅಲ್ಲಿಗೇ. ಸೋಮವಾರದಿಂದ ದಿನಾ ಹೋಗಬೇಕಂತೆ."

ಅತ್ತಿಗೆ ಗಂಡನ ಮುಖ ನೋಡಿದರು. ಅಣ್ಣ ಎದುರಿನ ರಸ್ತೆ ನೋಡುತ್ತಲೇ "ಹೌದು" ಅಂದ.