ಸತ್ತ ಟ್ವೀಟರುಗಳು

ಗುಜರಿಯಲ್ಲಿ ಕೊಂಡ ಹಳೆಯ ಆಂಪ್ಲಿಫೈಯರಿಗೆ ಎರಡು ಸಾವಿರ, ದಪ್ಪ ದನಿಯ ದೊಡ್ಡ ಡಬ್ಬಕ್ಕೆ ಸಾವಿರದೈನೂರು, ಕೀರಲು ದನಿಗೆಂದು ಎರಡು ಪುಟ್ಟ ಟ್ವೀಟರು, ಜೋಡಿಗೆ ಆರುನೂರು. ವೈರನ್ನು ಗಿರಣಿಯ ಎಲೆಕ್ಟ್ರಿಷಿಯನ್ ಪುಕ್ಕಟೆ ಕೊಟ್ಟಿದ್ದ. ಅಂಗಡಿಯ ಹೊಸ ಹೋಮ್ ಥಿಯೇಟರಿನ ಬೆಲೆಯ ಕಾಲುಭಾಗವೂ ಖರ್ಚಾಗಿರಲಿಲ್ಲ. ಆದರೆ ಗುಜರಿಯವನು ಟೋಪಿ ಹಾಕಿದ್ದ, ಟ್ವೀಟರುಗಳೆರಡೂ ಸತ್ತಿದ್ದವು.

ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದ್ದ ಅವನು ಇದನ್ನು ಕೈಯಿಂದಲೇ ಕಂಡುಕೊಂಡಿದ್ದ. ಗಿರಣಿಯ ಗದ್ದಲದಲ್ಲಿ ಕಿವಿಯನ್ನು ಯಾರೂ ನಂಬುತ್ತಿರಲಿಲ್ಲ. ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ಯಾವ ಬೋಲ್ಟು ಸಡಿಲವಾಗಿದೆಯೆಂದು ತಿಳಿಯುತ್ತಿತ್ತು. ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಕೆಲಸದಿಂದ ನಿವೃತ್ತನಾದರೂ ಆ ರೂಢಿ ಬಿಟ್ಟಿರಲಿಲ್ಲ. ಅಂಗೈಯಡಿ ದೊಡ್ಡ ಡಬ್ಬ ಗುಡುಗುಡು ನಡುಗಿತು. ಟ್ವೀಟರುಗಳು ಕಲ್ಲಿನಂತೆ ಕೂತಿದ್ದವು. ವೈರು ಬಿಚ್ಚಿ ಕಟ್ಟಿ, ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.

ಹೆಂಡತಿ ಕಿವಿ ಮುಚ್ಚಿಕೊಂಡೇ ಅಡುಗೆಮನೆಯಿಂದ ಓಡಿಬಂದಳು.

"ಅಯ್ಯಯ್ಯೋ, ಕಮ್ಮಿ ಮಾಡ್ರೀ! ಕಿವಿ ತೂತು ಬೀಳತ್ತೆ!"

"ಡಬ್ಬ ಅಷ್ಟೊಂದು ಜೋರಾ?"

"ಡಬ್ಬ ಅಲ್ಲ, ಆ ಪುಟಾಣಿಗಳು! ಸೂಜಿ ಚುಚ್ಚಿದ ಹಾಗಾಗ್ತಿದೆ."

"ಏ, ಅವು ಸತ್ತೋಗಿವೆ ಕಣೆ. ನಾಳೆ ಗುಜರಿಯವನ ಮುಖಕ್ಕೇ ಬಿಸಾಕ್ತೀನಿ."

"ಸತ್ತಿರೋವು ಹಿಂಗೆ ಕಿರುಚ್ತವಾ?"

ಅವನು ದೊಡ್ಡ ಡಬ್ಬದ ವೈರು ಕಿತ್ತ. ಕೋಣೆ ಸ್ತಬ್ಧವಾಯಿತು. ಟಿ.ವಿ.ಯ ಪರದೆಯ ಮೇಲೆ ಕೊಂಬೆಯಲ್ಲಿ ಕೂತ ಹಕ್ಕಿಯೊಂದು ಕೊಕ್ಕು ತೆರೆದು ಮುಚ್ಚುತ್ತಿತ್ತು.

"ನೋಡಿದ್ಯಾ? ಉಸಿರೇ ಇಲ್ಲ."

ಅವಳು ಹಕ್ಕಿಯನ್ನು ನೋಡಿದಳು, ಆಮೇಲೆ ಅವನನ್ನು. "ಕೂಗ್ತಾ ಇದೆಯಲ್ರೀ."

"ತಮಾಷೆ ಸಾಕು."

"ನಿಮ್ಮಾಣೆಗೂ."

ಅವನು ಗೋಡೆಗೆ ಮುಖ ಮಾಡಿ ನಿಂತ. ಟ್ವೀಟರಿನ ವೈರನ್ನು ಕಿತ್ತು ಸಿಕ್ಕಿಸುತ್ತಿರಲು ಅವಳಿಗೆ ಹೇಳಿದ. ದನಿ ಬಂದಾಗ ತಾನು ಕೈ ಎತ್ತುವೆನೆಂದ. ಗೋಡೆಯ ಸುಣ್ಣದಲ್ಲಿ ಕೂದಲೆಳೆಯಂಥ ಬಿರುಕಿತ್ತು. ಅದನ್ನೇ ನೋಡುತ್ತ ಕಾದ. ಇವಳಿನ್ನೂ ಶುರುವೇ ಮಾಡಲಿಲ್ಲವಲ್ಲ ಎಂದು ತಿರುಗಿದ.

ಅವಳು ವೈರು ಕೈಬಿಟ್ಟು ಕೂತಿದ್ದಳು. ತುಟಿ ಆಡುತ್ತಿತ್ತು, ಎಷ್ಟು ಹೊತ್ತಿನಿಂದಲೋ.

"...ಕರೆದಾಗ ಬೇಕಂತಲೇ ಓಗೊಡಲ್ಲ ಅಂದ್ಕೊಂಡಿದ್ದೆ ಕಣ್ರೀ. ಎಷ್ಟು ಬೈದಿದ್ದೀನಿ."

ಅವನಿಗೆ ಅಳು ಬರಬೇಕಿತ್ತೇನೋ, ಬರಲಿಲ್ಲ. ಸಿಟ್ಟೂ ಬರಲಿಲ್ಲ. ದೊಡ್ಡ ಡಬ್ಬದ ವೈರನ್ನು ಮತ್ತೆ ಸಿಕ್ಕಿಸಿದ. ಗುಂಡಿಯ ಮೇಲೆ ಕೈಯಿಟ್ಟು, "ಎಲ್ಲಿಗೆ ನಿಲ್ಲಿಸ್ಲಿ?" ಎಂದ.

"ಇನ್ನೂ ಕಮ್ಮಿ... ಹಾಂ, ಅಲ್ಲೇ."

ಟ್ವೀಟರುಗಳನ್ನು ಟಿ.ವಿ.ಯ ಎರಡು ಪಕ್ಕಕ್ಕೆ ಮೊಳೆ ಹೊಡೆದು ಕೂರಿಸಿದ. ವಾಪಸು ಕೊಡುವ ಮಾತು ಯಾರೂ ಎತ್ತಲಿಲ್ಲ. ಅವು ಕೆಟ್ಟಿರಲಿಲ್ಲ. ಅವನ ಪಾಲಿಗೆ ಹಕ್ಕಿಯ ದನಿ ಹೋಗಿತ್ತು, ಯಾವಾಗಲೋ. ಇನ್ನು ಆ ಮನೆಯಲ್ಲಿ ಅದು ಅವಳೊಬ್ಬಳಿಗೆ.