ಬರಿಗೊರಳಿನ ಜೋಡಿ

ಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಒಂದೇ ಹುಣಸೆಮರದ ಹೊಟ್ಟೆಯಲ್ಲಿ ಎರಡು ಗದೆಗಳು ಹುಟ್ಟಿದವಂತೆ. ಬಡಗಿ ಅವನ್ನು ಕೆತ್ತಿ, ಉಜ್ಜಿ, ನುಣ್ಣಗೆ ಮಾಡಿ ಗರಡಿಮನೆಗೆ ಕಳಿಸಿದನಂತೆ. ಅಲ್ಲಿದ್ದ ಗದೆಗಳ ಕೊರಳಲ್ಲೆಲ್ಲ ಒಂದೊಂದು ಸೀರೆಯಂಚು. ಈ ಎರಡಕ್ಕೆ ಮಾತ್ರ ಬರಿಗೊರಳು. ಅವು ಬಿಕ್ಕಿ ಬಿಕ್ಕಿ ಅಳುತ್ತಿದ್ದವಂತೆ. ಆಗ ಒಬ್ಬಳು ಪುಟ್ಟ ಹುಡುಗಿ ಕಿಟಕಿಯಲ್ಲಿ ಇಣುಕಿ, ‘ಅಳಬೇಡಿ, ನಾನು ತಂದು ಕಟ್ತೀನಿ’ ಎಂದು ಮಾತು ಕೊಟ್ಟಳಂತೆ.

“ಆಮೇಲೆ?” ಎಂದು ಸಿಂಚನ ಕೇಳುತ್ತಿದ್ದಳು.

“ಬತ್ತಾವ್ಳೆ ಕಣೇ, ದಾರೀಲವ್ಳೆ. ನೀ ಮಲಿಕೋ” ಎಂದು ಅಜ್ಜಿ ತಲೆ ತಟ್ಟುತ್ತಿದ್ದಳು.

ಅಜ್ಜಿ ಅಮ್ಮಯಮ್ಮನ ಬೇರೆ ಕಥೆಗಳಲ್ಲಿ ರಾಜಕುಮಾರ ಊರು ಸೇರುತ್ತಿದ್ದ, ರಾಕ್ಷಸ ಸಾಯುತ್ತಿದ್ದ. ಈ ಹುಡುಗಿ ಮಾತ್ರ, ಸಿಂಚನ ಶಾಲೆ ಮುಗಿಸಿ ಯಲಹಂಕದ ಹತ್ತಿರದ ಡಿಸೈನ್ ಕಾಲೇಜು ಸೇರಿದರೂ ದಾರಿಯಲ್ಲೇ ಇದ್ದಳು.

ಕಾಲೇಜಿನಲ್ಲಿ ಒಂದು ಕೆಲಸ ಬಂತು. ಹೊಸಕೋಟೆಯ ಮುನೀಂದ್ರ ಎಂಬಾತ ಗರಡಿ ಗದೆಗಳನ್ನು ಮಾಡಿಸಿ ಜಿಮ್ಮುಗಳಿಗೆ ಮಾರುತ್ತಿದ್ದ. ಅವುಗಳ ಕೊರಳಿಗೆ ತೂಗುಬಿಡಲು ಟ್ಯಾಗ್ ಬೇಕಿತ್ತು. ಎಷ್ಟು ತೂಕ, ಯಾವ ಮರ, ಹೇಗೆ ಹಿಡಿಯಬೇಕು, ಎಲ್ಲವೂ ಅಂಗೈಯಗಲದ ರಟ್ಟಿನಲ್ಲಿ ಬರಬೇಕು. ಸಿಂಚನ ಹನುಮಂತನ ಚಿತ್ರ ಬರೆದು ತೋರಿಸಿದಳು.

“ಚೆನ್ನಾಗಿದೆ, ಕ್ಯಾಲೆಂಡರಿಗೆ” ಎಂದರು ಪ್ರಮೋದಾ ಮೇಡಂ. “ಟ್ಯಾಗೇ ಇಲ್ಲದ ಕಾಲದಲ್ಲಿ ಯಾವ ಗದೆ ಯಾರದು ಅಂತ ಹೇಗೆ ಗುರುತು ಹಿಡೀತಿದ್ರು? ಮೊದಲು ಅದನ್ನ ತಿಳ್ಕೊಂಡು ಬಾ.”

ಸಂಜೆ ದೊಡ್ಡಬಳ್ಳಾಪುರದ ಮನೆಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಸಿಂಚನ ಪಕ್ಕದಲ್ಲಿ ಕೂತು ಅದೇ ಪ್ರಶ್ನೆ ಕೇಳಿದಳು.

“ಕಥೇಲಿ ಹೇಳಿದ್ನಲ್ಲ. ಸೀರೆ ಅಂಚು.”

“ಅದು ಕಥೆ ಅಜ್ಜಿ.”

“ಮರ ಮಾತಾಡಿದ್ದು ಕಥೆ” ಎಂದಳು ಅಜ್ಜಿ. ಸುಲಿಯುತ್ತಿದ್ದ ಕಾಯಿ ಕೈಯಲ್ಲೇ ನಿಂತಿತು. “ಮಿಕ್ಕಿದ್ದು ನಮ್ಮೂರು.”

ಘಾಟಿ ದಾರಿಯಲ್ಲಿದ್ದ ಅವಳ ತವರಿನಲ್ಲಿ ಹಾಗೊಂದು ಪದ್ಧತಿ ಇತ್ತು. ಹುಡುಗ ಗರಡಿ ಸೇರುವ ದಿನ ಬಡಗಿ ಮಾಡಿಕೊಟ್ಟ ಗದೆಗಳ ಜೋಡಿ ಮೊದಲು ಮನೆಗೆ ಬರುತ್ತಿತ್ತು. ತಾಯಿ ತನ್ನ ಹಳೇ ಸೀರೆಯ ಅಂಚು ಹರಿದು ಎರಡಕ್ಕೂ ಕಟ್ಟಿ ಕಳಿಸುತ್ತಿದ್ದಳು. ಗರಡಿಯ ಮಬ್ಬಿನಲ್ಲಿ ಹುಡುಗರು ಅವರವರ ಅವ್ವಂದಿರ ಸೀರೆ ನೋಡಿ ಗದೆ ಎತ್ತಿಕೊಳ್ಳುತ್ತಿದ್ದರು. ಅಮ್ಮಯಮ್ಮನ ತಮ್ಮ ಅಪ್ಪಯ್ಯಣ್ಣ ಗರಡಿ ಸೇರುವ ಹೊತ್ತಿಗೆ ಅವರವ್ವ ತೀರಿಕೊಂಡಿದ್ದಳು. ಅಪ್ಪ ಜೋಡಿಯನ್ನು ಬಡಗಿಯ ಮನೆಯಿಂದ ನೇರ ಗರಡಿಗೇ ಹೊತ್ತುಕೊಂಡು ಹೋದ. ಹುಡುಗರು ಆಡಿಕೊಂಡರು. ತಮ್ಮ ಅತ್ತ. ಅಕ್ಕ ಮಾತು ಕೊಟ್ಟಳು.

“ಕಟ್ಟಲೇ ಇಲ್ವಾ?”

“ಒಳಕ್ಕೆ ಹೋದ ಜೋಡಿ ಈಚೆಗೆ ಬರಂಗಿಲ್ಲ, ಹೆಣ್ಣುಮಗಳು ಒಳಕ್ಕೆ ಹೋಗಂಗಿಲ್ಲ. ಅಷ್ಟರಲ್ಲಿ ನನ್ನ ಮದುವೆ ಮಾಡಿ ಈ ಊರಿಗೆ ಕಳಿಸಿದ್ರು.” ಅಜ್ಜಿ ಮತ್ತೆ ಕಾಯಿಗೆ ಕೈ ಹಾಕಿದಳು. “ನಾನು ಕಣ್ಮುಚ್ಚೋದ್ರೊಳಗೆ ಅದೊಂದು ಆಗ್ಬೇಕು ಕಣೇ. ಇನ್ನೇನೂ ಬಾಕಿ ಇಲ್ಲ.”

“ನಾಳೆನೇ ಹೋಗೋಣ.”

ಅಜ್ಜಿ ಎದ್ದು ಟ್ರಂಕಿನಿಂದ ಧಾರೆ ಸೀರೆ ತೆಗೆದು ಕತ್ತರಿ ಕೇಳಿದಳು. ಸಿಂಚನ ಕೊಡಲು ಹಿಂಜರಿದಾಗ, “ಇನ್ನ ಇದನ್ನ ಉಟ್ಕೊಂಡು ಯಾರ ಮದುವೇಲಿ ಕುಣೀಲಿ?” ಎಂದು ತಾನೇ ಹುಡುಕಿ ಅಂಚು ಕತ್ತರಿಸಿಕೊಂಡಳು.

ಮರುದಿನ ಅಪ್ಪಯ್ಯಣ್ಣ ಬಸ್‌ಸ್ಟಾಪಿಗೇ ಬಂದಿದ್ದ. ಗರಡಿಯಲ್ಲಿ ಈಗ ಸಾಮು ಮಾಡುವವರಿರಲಿಲ್ಲ. ಬೀಗದ ಕೈ ಅವನ ಸೊಂಟದಲ್ಲಿತ್ತು, ಶನಿವಾರ ಹೋಗಿ ದೀಪ ಹಚ್ಚಿ ಬರುತ್ತಿದ್ದ. ಬಾಗಿಲು ತೆಗೆದು ಒಳಗೆ ನಿಂತು, “ಬಾ ಅಕ್ಕಯ್ಯ, ಈಗ ಯಾರು ಕೇಳ್ತಾರೆ” ಎಂದ.

ಅಜ್ಜಿ ಹೊಸ್ತಿಲ ಈಚೆಗೇ ನಿಂತಳು. “ಕೇಳೋರಿಲ್ದಾಗ ಬಂದು ಏನಾಗ್ಬೇಕು? ಕೇಳೋರಿದ್ದಾಗ ಕರೀಬೇಕಿತ್ತು.”

ಸಿಂಚನ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಹೋದಳು. ಎಣ್ಣೆ, ಕೆಮ್ಮಣ್ಣಿನ ವಾಸನೆ. ಗೋಡೆಗೆ ಒರಗಿದ ಗದೆಗಳ ಸಾಲು, ಕೊರಳುಗಳಲ್ಲಿ ಬಣ್ಣ ಮಾಸಿದ ಚಿಂದಿಗಳು. ಅವಳು ಒಂದೊಂದನ್ನೇ ಮುಟ್ಟುತ್ತಾ ಹೋದಂತೆ ಅಜ್ಜಿ ಬಾಗಿಲಿಂದಲೇ ಹೇಳತೊಡಗಿದಳು.

“ಆ ಹಸಿರಂಚು ಮುನಿಕೃಷ್ಣನ ಅವ್ವಂದು. ಅದನ್ನ ಉಟ್ಕೊಂಡೇ ರಾಗಿ ಬೀಸೋಳು, ಬೀಸ್ತಾ ಬೀಸ್ತಾ ನಿದ್ದೆ ಹೋಗೋಳು. ಚೌಕಳಿದು ಮೇಲಿನ ಮನೆ ಜವರಪ್ಪನ ಅವ್ವಂದು. ಜಗಳಗಂಟಿ. ಆದ್ರೆ ಅವ್ಳ ಮನೆ ಮಜ್ಜಿಗೆ ಕುಡೀದೆ ಯಾರೂ ಹೋಗ್ತಿರಲಿಲ್ಲ. ಆ ಕೆಂಪು… ತಿರುಗಿಸು ಮಗಾ. ಹ್ಞೂ. ಅವ್ಳಿಗೆ ಇದ್ದಿದ್ದೇ ಎರಡು ಸೀರೆ, ಅದ್ರಲ್ಲೂ ಒಂದ್ರ ಅಂಚು ಕಿತ್ತು ಕೊಟ್ಲು ನೋಡು.”

ಅವರಲ್ಲಿ ಯಾರೂ ಈಗ ಇರಲಿಲ್ಲ. ಆದರೂ ಆ ಮಬ್ಬಿನಲ್ಲಿ ಹೆಂಗಸರೆಲ್ಲ ಸಾಲಾಗಿ ನಿಂತು ಹೆಸರು ಕರೆದಾಗ ‘ಓ’ ಅಂದಂತೆ ಸಿಂಚನಳಿಗೆ ಅನ್ನಿಸಿತು. ತನ್ನ ಟ್ಯಾಗ್ ರಟ್ಟಿನದಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ಅದೊಂದು ಬಟ್ಟೆಯ ಪಟ್ಟಿ. ತುದಿಯಲ್ಲಿ ತೂಕ, ಮರ. ಜೊತೆಗೆ ಕೊಂಡವರು ತಮ್ಮ ಮನೆಯ ಸೀರೆಯ ತುಂಡು ಸೇರಿಸಿ ಕಟ್ಟಲು ಜಾಗ.

ಮೂಲೆಯಲ್ಲಿ ಬರಿಗೊರಳಿನ ಜೋಡಿ ಇತ್ತು.

“ಅದನ್ನ ಈಚೆಗೆ ತತ್ತಾರೋ” ಎಂದಳು ಅಜ್ಜಿ.

ಅಪ್ಪಯ್ಯಣ್ಣ ಹೆಗಲ ಟವೆಲ್ಲು ಸರಿಪಡಿಸಿಕೊಂಡ. “ಈಚೆಗೆ ತರಂಗಿಲ್ಲ ಅಕ್ಕಯ್ಯ. ಬೇಕಾದ್ರೆ ಸಿಂಚು ಕೈಲಿ ಕೊಡು, ಇಲ್ಲೇ ಕಟ್ತಾಳೆ.”

“ಮಾತು ಕೊಟ್ಟಿದ್ದು ಅವಳಾ?”

“ನೋಡು, ಸಣ್ಣವನಿದ್ದಾಗ ಅತ್ತಿದ್ದು ನಿಜ. ಆಮೇಲಾಮೇಲೆ ಬರಿ ಕೊರಳೇ ನನ್ನ ಗುರುತಾಗೋಯ್ತು. ಕತ್ತಲಲ್ಲಿ ಕೈಯಾಡಿಸಿದ್ರೂ ಸಿಗೋದು. ಈಗ ನೀನು ಕಟ್ಬಿಟ್ರೆ ನನ್ನ ಜೋಡಿ ಯಾವುದು ಅಂತ ನನಗೇ ತಿಳಿಯಲ್ಲ.” ಅವನು ನಗಲು ನೋಡಿದ.

ಅಜ್ಜಿ ನಗಲಿಲ್ಲ. ಸೀರೆಯಂಚು ಅವಳ ಮುಷ್ಟಿಯಲ್ಲಿ ಮುದುರಿತು.

“ನಿಂಗೆ ಬೇಡ್ದೇ ಇರಬೋದು ಕಣೋ ಅಪ್ಪಯ್ಯ” ಎಂದಳು. “ಅಳೋದು ನಿಲ್ಲಿಸಿದ್ದು ನೀನು. ನಂದು ನಿಂತಿಲ್ಲ.”

ಅಪ್ಪಯ್ಯಣ್ಣ ಹನುಮಂತನ ಪಟದ ಕಡೆ ನೋಡಿದ, ನೆಲ ನೋಡಿದ. ಆಮೇಲೆ ಬಗ್ಗಿ ಒಂದು ಗದೆಯನ್ನು ಎದೆಗೆ ಅವುಚಿಕೊಂಡ. ಇನ್ನೊಂದನ್ನು ಸಿಂಚನ ಎತ್ತಿದಳು, ಹೆಗಲು ಜಗ್ಗಿತು. ಇಬ್ಬರೂ ಹೊಸ್ತಿಲು ದಾಟಿ ಅವನ್ನು ಬಿಸಿಲಿನ ಜಗಲಿಯ ಮೇಲಿಟ್ಟರು.

ಅಜ್ಜಿ ಕೂತು ಸೆರಗಿನಿಂದ ಕೊರಳುಗಳ ಧೂಳು ಒರೆಸಿದಳು. ಬೆರಳುಗಳು ಮೊದಲಿನಂತೆ ಮಡಚುತ್ತಿರಲಿಲ್ಲ; ಗಂಟು ಜಾರಿತು, ಮತ್ತೆ ಜಾರಿತು. ಸಿಂಚನ ಗದೆಯನ್ನು ಅಲುಗದಂತೆ ಹಿಡಿದಳು, ಗಂಟಿಗೆ ಕೈ ಹಾಕಲಿಲ್ಲ. ಒಂದಾಯಿತು. ಎರಡನೆಯದಕ್ಕೆ ಅಪ್ಪಯ್ಯಣ್ಣ ತಾನೇ ಮುಂದೆ ಬಂದು ಸುತ್ತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಅಜ್ಜಿ ಅವನ ಬೆರಳ ಮೇಲೆಯೇ ಗಂಟು ಹಾಕಿ, ಬೆರಳು ಎಳೆದುಕೊಳ್ಳುವವರೆಗೆ ಕಾದು, ಬಿಗಿದಳು.