ಮಂತ್ರಿಗಳು ಕಾಫಿ ಕುಡಿದರು

ನನ್ನ ತಮ್ಮ ಫಾಯಿಕ್ ಬದ್ರಾನ್ ಯಾವ್ಯಾವ ಖಾತೆಗೆ ಮಂತ್ರಿಯಾಗಿದ್ದ ಅಂತ ಕೇಳಿದರೆ ನಾನು ಬೆರಳು ಮಡಿಚಿ ಲೆಕ್ಕ ಹಾಕಬೇಕು, ಆಗಲೂ ಒಂದೆರಡು ಬಿಟ್ಟುಹೋಗುತ್ತವೆ. ಕಾರ್ಮಿಕ, ಸಾರಿಗೆ, ಸ್ಥಳೀಯ ಆಡಳಿತ, ಮತ್ತೆ ಕಾರ್ಮಿಕ, ಕೊನೆಗೆ ಖಾತೆಯೇ ಇಲ್ಲದ ಮಂತ್ರಿ. ಸರ್ಕಾರ ಬಿದ್ದಾಗೆಲ್ಲ ನಮ್ಮೂರಿನವರು “ಫಾಯಿಕ್‌ಗೆ ಈ ಸಲ ಯಾವ ಕುರ್ಚಿ?” ಎಂದು ವಿಚಾರಿಸುತ್ತಿದ್ದರು. ಕುರ್ಚಿ ಸಿಕ್ಕಿತೇ ಎಂದು ಯಾರೂ ಕೇಳುತ್ತಿರಲಿಲ್ಲ, ಅದು ಸಿಗುವುದು ಗೊತ್ತೇ ಇತ್ತು. ಒಂದು ರೈಲೂ ಇಲ್ಲದ ದೇಶದ ಸಾರಿಗೆ ಮಂತ್ರಿ ಎಂದು ನಾನೇ ಅವನನ್ನು ರೇಗಿಸುತ್ತಿದ್ದೆ. ದೇಶ ಎಲ್ಲಿದೆ ಅಂತಲೂ ಕೇಳಬಹುದಿತ್ತು, ಅಷ್ಟು ದೂರ ಹೋಗುತ್ತಿರಲಿಲ್ಲ.

“ರೈಲು ಬರತ್ತೆ ಕಣಕ್ಕ, ನೀನು ಮೊದ್ಲು ಟಿಕೆಟ್ ತಗೋ” ಎಂದು ಅವನು ನಗುತ್ತಿದ್ದ.

ಅವನು ಮೊದಲಿನಿಂದಲೂ ಹೀಗಿದ್ದವನಲ್ಲ. ಹೆಬ್ರಾನಿನಾಚೆಯ ಬೆಟ್ಟದ ಮೇಲಿರುವ ನಮ್ಮೂರು ಬೈತ್ ಅರ್ಮಾದ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಜೈಲು ಕಂಡ, ನದಿಯಾಚೆಗೆ ಗಡೀಪಾರಾದ, ಶಾಂತಿ ಒಪ್ಪಂದವಾದ ವರ್ಷ ಜನರ ಹೆಗಲ ಮೇಲೆ ಕೂತು ವಾಪಸ್ಸು ಬಂದ. ಜೈಲಿಗೆ ಹೋಗುವ ಮುಂಚೆ, ಇನ್ನೂ ಮೀಸೆ ಕಪ್ಪಗಿದ್ದಾಗಲೇ, ಊರಿನ ಹಿರಿಯರು ಅವನನ್ನು ಮುಂದಿಟ್ಟುಕೊಂಡು ಜಾಹಾ ಹೋಗುತ್ತಿದ್ದರು. ಹೆಣ್ಣು ಕೇಳುವುದಿರಲಿ, ರಕ್ತದ ಜಗಳಕ್ಕೆ ಕ್ಷಮೆ ಕೇಳುವುದಿರಲಿ, ಜಾಹಾ ಎಂಬ ಹಿರಿಯರ ತಂಡ ಹೋಗಿ ಕೂತಾಗ ಮನೆಯವರು ಮುಖಂಡನ ಮುಂದೆ ಕಾಫಿ ಇಡುತ್ತಾರೆ. ಅವನು ಅದನ್ನು ಮುಟ್ಟಬಾರದು. ಬಂದ ಕೆಲಸ ಹೇಳಬೇಕು. ಮನೆಯ ಯಜಮಾನ “ಕಾಫಿ ಕುಡಿ, ಕೇಳಿದ್ದು ಕೊಟ್ಟೆ” ಎಂದ ಮೇಲೆಯೇ ಬಟ್ಟಲು ತುಟಿಗೆ ಹೋಗಬೇಕು. ಕುಡಿಯದ ಕಾಫಿ ಮನೆಯಲ್ಲಿ ಆರುತ್ತಾ ಕೂತರೆ ಆ ಮನೆಯ ಮಾನ ಹೋಯಿತೆಂದೇ ಅರ್ಥ. ಹಾಗಾಗಿ ಎಂಥ ಕಲ್ಲು ಮನಸ್ಸಿನವನೂ ಕೊನೆಗೆ ಸೋಲುತ್ತಾನೆ. ಫಾಯಿಕ್ ಒಮ್ಮೆ ಮಧ್ಯಾಹ್ನದಿಂದ ಸಂಜೆಯ ಬಾಂಗಿನವರೆಗೆ ಬಟ್ಟಲನ್ನು ಹಾಗೇ ಇಟ್ಟುಕೊಂಡು ಕೂತು, ಇಬ್ಬರು ಅಣ್ಣತಮ್ಮಂದಿರನ್ನು ಒಂದು ಮಾಡಿ ಎದ್ದು ಬಂದಿದ್ದ. ಆಗ ನನಗೆ ಅವನ ಮೇಲೆ ಎಷ್ಟು ಹೆಮ್ಮೆ ಇತ್ತೆಂದರೆ ಬಾವಿಕಟ್ಟೆಯಲ್ಲಿ ನನ್ನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ.

ನನ್ನ ಮಗ ಸನದ್‌ನ ಕೈಯಿಂದ ಆಗಬಾರದ್ದು ಆಗಿಹೋದಾಗ ನಾನು ಆ ಫಾಯಿಕ್‌ನನ್ನೇ ನೆನಪಿಟ್ಟುಕೊಂಡು ಧೈರ್ಯ ತಂದುಕೊಂಡೆ. ನಮ್ಮ ಆಲಿವ್ ತೋಟಕ್ಕೂ ಅದ್ಹಮ್‌ನ ತೋಟಕ್ಕೂ ನಡುವೆ ಒಂದು ಕಲ್ಲಿನ ಗೋಡೆ. ಅದು ಕುಸಿದಿತ್ತು. ಯಾರು ಕಟ್ಟಬೇಕು ಎಂದು ಮಾತು ಬೆಳೆಯಿತು, ಕೈ ಮಿಲಾಯಿಸಿದರು, ಸನದ್ ತಳ್ಳಿದ, ಅದ್ಹಮ್ ಕಲ್ಲಿಗೆ ತಲೆ ಬಡಿದು ಬಿದ್ದವನು ಏಳಲಿಲ್ಲ. ಬೇಕೆಂದು ಮಾಡಿದ್ದಲ್ಲವೆಂದು ಕೋರ್ಟು ಒಂದಿಷ್ಟು ದಿನ ಇಟ್ಟುಕೊಂಡು ಕಳಿಸಿತು. ಊರಿನ ಕಟ್ಟಳೆ ಬೇರೆ. ಸತ್ತವನ ಮನೆಯವರು ಕ್ಷಮಿಸುವವರೆಗೆ ನಾವು ಅವರ ಕಣ್ಣಿಗೆ ಬೀಳುವಂತಿಲ್ಲ. ನಾನು, ಸನದ್ ಇಬ್ಬರೂ ಮನೆಗೆ ಬೀಗ ಜಡಿದು ಬೆತ್ಲೆಹೆಮ್‌ನಲ್ಲಿ ಬಾಡಿಗೆ ಹಿಡಿದೆವು. ಅಲ್ಲಿಯ ಕಿಟಕಿಯಿಂದ ಕಾಣುವುದು ಇನ್ನೊಬ್ಬರ ಗೋಡೆ.

ಸತ್ತವನ ತಂದೆಯನ್ನು ಊರೆಲ್ಲ ಅಬು ಅದ್ಹಮ್, ಅಂದರೆ ಅದ್ಹಮ್‌ನ ಅಪ್ಪ, ಎಂದೇ ಕರೆಯುವುದು. ಸತ್ತ ಮಗನ ಹೆಸರನ್ನು ಆ ಮುದುಕ ದಿನವೂ ಹೊರಬೇಕು. ಆದರೂ ಎರಡನೇ ವರ್ಷ ಅವರೇ ಗುಟ್ಟಾಗಿ ಹೇಳಿ ಕಳಿಸಿದರು: “ನಂಗೆ ಸಾಕಾಗಿದೆ. ಚಿಕ್ಕ ಮಗ ತಯ್ಸೀರ್ ಒಪ್ತಾ ಇಲ್ಲ. ಫಾಯಿಕ್ ತಾನೇ ಜಾಹಾ ತರ್ಲಿ. ಮಂತ್ರಿ ಮುಂದೆ ಕಾಫಿ ಆರ್ತಾ ಕೂತ್ರೆ ತಯ್ಸೀರ್ ಬಾಯಿ ಮುಚ್ಕೋಬೇಕಾಗತ್ತೆ.”

ಫಾಯಿಕ್‌ಗೆ ಫೋನು ಮಾಡಿದೆ. “ಬರ್ತೀನಿ ಅಕ್ಕ, ನೀನು ಗಂಟುಮೂಟೆ ಕಟ್ಟು” ಅಂದ. ಕಟ್ಟಿದೆ.

ಆ ದಿನ ನಾವಿಬ್ಬರೂ ಊರ ಬಾಗಿಲಲ್ಲಿರುವ ಎಣ್ಣೆ ಗಾಣದ ಹತ್ತಿರ ಪಿಕಪ್ ನಿಲ್ಲಿಸಿಕೊಂಡು ಕೂತಿದ್ದೆವು. ಅಲ್ಲಿಂದಾಚೆ ಕಾಲಿಡುವಂತಿರಲಿಲ್ಲ. ಹಿಂದೆ ಹಾಸಿಗೆ, ಗ್ಯಾಸ್ ಒಲೆ, ನನ್ನ ಹೊಲಿಗೆ ಯಂತ್ರ. ಮೈದುನ ಝುಹ್ದಿ ಜಾಹಾದ ಜೊತೆ ಹೋಗಿದ್ದ. ಅವನು ಫೋನಿನಲ್ಲಿ ನನಗೆ ಕರೆ ಮಾಡಿ ಹಾಗೇ ಜೇಬಿನಲ್ಲಿಟ್ಟುಕೊಂಡಿದ್ದರಿಂದ ನನಗೆ ಎಲ್ಲ ಕೇಳುತ್ತಿತ್ತು. ಫಾಯಿಕ್ ತಡವಾಗಿ ಬಂದ. ಯುರೋಪಿನ ಯಾವುದೋ ಸಮ್ಮೇಳನ ಮುಗಿಸಿ, ವಿಮಾನ ಇಳಿದು, ಸೇತುವೆ ದಾಟಿ, ಎರಡು ಚೆಕ್‌ಪೋಸ್ಟಿನಲ್ಲಿ ಕಾದು ನೇರ ಬಂದಿದ್ದ. ಸಲಾಮುಗಳು ಕೇಳಿದವು. ಕುರ್ಚಿ ಎಳೆದ ಸದ್ದು. ಪತ್ರಿಕೆಯವನೊಬ್ಬ “ಸಾಹೇಬ್ರೇ, ಸ್ವಲ್ಪ ಈ ಕಡೆ” ಅಂದ. ಸಮ್ಮೇಳನ ಹೇಗಾಯಿತು ಅಂತ ಯಾರೋ ಕೇಳಿದರು, ಫಾಯಿಕ್ “ಫಲಪ್ರದ, ಬಹಳ ಫಲಪ್ರದ” ಎಂದು ಶುರು ಮಾಡಿದ.

ಆಮೇಲೆ ನನಗೆ ಆ ಸದ್ದು ಕೇಳಿತು. ಫಾಯಿಕ್ ಹುಡುಗನಾಗಿದ್ದಾಗಿನಿಂದ ಕಾಫಿಯನ್ನು ಸೊರ್ರೆಂದು ಹೀರುವವನು. ಅದಕ್ಕಾಗಿ ಅಮ್ಮನ ಕೈಲಿ ಎಷ್ಟು ಸಲ ತಲೆಗೆ ಮೊಟಕಿಸಿಕೊಂಡಿದ್ದಾನೋ. ಸಾವಿರ ಜನರ ನಡುವೆ ಕೇಳಿದರೂ ಗುರುತಿಸುತ್ತೇನೆ.

“ಏನಾಯ್ತಮ್ಮ?” ಅಂದ ಸನದ್. ನನ್ನ ಮುಖ ನೋಡಿರಬೇಕು.

ಅತ್ತ ಕಡೆಯಿಂದ ತಯ್ಸೀರ್‌ನ ದನಿ ನಿಧಾನವಾಗಿ ಬಂತು. “ಮಂತ್ರಿಗಳು ಕಾಫಿ ಕುಡಿದ್ರು. ಸಂತೋಷ. ಅಂದ್ರೆ ಅವ್ರಿಗೆ ಕೇಳೋದೇನೂ ಇಲ್ಲ.”

“ತಯ್ಸೀರ್, ಹುಡುಗಾಟ ಆಡ್ಬೇಡ” ಅಂದ ಝುಹ್ದಿ. “ವಯಸ್ಸಾದೋರು, ದಾರಿ ಸವೆಸಿ ಬಂದಿದಾರೆ, ಗಂಟಲು ಒಣಗಿತ್ತು. ಇನ್ನೊಂದು ಬಟ್ಟಲು ತರ್ಸಪ್ಪ.”

“ಇನ್ನೊಂದು ಬಟ್ಟಲು ತರಿಸ್ತೀನಿ. ನೀವು ಇನ್ನೊಬ್ಬ ಅಣ್ಣನ್ನ ತಂದ್ಕೊಡಿ.”

ಅಬು ಅದ್ಹಮ್ ಅಳುತ್ತಿದ್ದದ್ದು ಕೇಳಿತು. “ಮಾತು ನನ್ನ ನಾಲಿಗೆ ತುದೀಲಿತ್ತಲ್ಲೋ ಫಾಯಿಕ್. ಇಷ್ಟು ಹೊತ್ತು ಕಾಯ್ಕೊಂಡಿದ್ದೆ. ಈಗ ನಾನು ಯಾವ ಮುಖ ಇಟ್ಕೊಂಡು ಇವನ ಬಾಯಿ ಮುಚ್ಚಿಸ್ಲಿ?” ಫಾಯಿಕ್ ಏನೋ ಹೇಳಲು ಹೋದ. ಇಷ್ಟು ವರ್ಷ ಮೈಕಿನ ಮುಂದೆ ಒಂದು ಸಲವೂ ತಡವರಿಸದ ನನ್ನ ತಮ್ಮ ಅವತ್ತು ತಡವರಿಸುತ್ತಲೇ ಕುರ್ಚಿ ಹಿಂದೆ ತಳ್ಳಿ ಎದ್ದ.

ಅವನು ಕಾರಿನಲ್ಲಿ ಬರದೆ ನಡೆದುಕೊಂಡೇ ಗಾಣದ ಹತ್ತಿರ ಬಂದ. ಪಿಕಪ್ಪಿನಲ್ಲಿದ್ದ ಹಾಸಿಗೆಗಳನ್ನು ನೋಡಿ, ಅವುಗಳ ಮೇಲೆ ಕೈಯಿಟ್ಟು ನಿಂತ.

“ಕೈ ತಾನಾಗೇ ಹೋಯ್ತಕ್ಕ” ಅಂದ. “ನಂಗೆ ಗೊತ್ತೇ ಆಗ್ಲಿಲ್ಲ. ಎಲ್ಲಿಗ್ಹೋದ್ರೂ ಕೂತ ಕೂಡ್ಲೇ ಕಾಫಿ ಕೊಡ್ತಾರೆ, ಕುಡೀತೀನಿ. ಆಮೇಲೆ ಮಾತು, ಆಮೇಲೆ ಫೋಟೋ, ಆಮೇಲೆ ಕಾರು. ಎಷ್ಟು ದೇಶ, ಎಷ್ಟು ಸಭೆ. ಏನೂ ಕೊಡ್ದೇ ಕಳಿಸ್ತಾರೆ. ಕುಡೀದೇ ಕೂತ್ರೆ ಏನಾದ್ರೂ ಸಿಗತ್ತೆ ಅನ್ನೋದೇ ನಂಗೆ ಮರ್ತುಹೋಗಿತ್ತು.”

ನಾನು ಅವನ ಕೈಯನ್ನು ಹಾಸಿಗೆಯ ಮೇಲಿಂದ ಸರಿಸಿದೆ. “ಅವ್ರ ಹತ್ರ ನೀನು ಮರ್ತುಬಿಡು, ಬೇಡ ಅನ್ನಲ್ಲ. ಅಲ್ಲಿ ಕೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಇಲ್ಲಿ ಕೊಡೋಕೆ ಒಬ್ಬ ಮುದುಕ ಕೂತಿದ್ನಲ್ಲೋ. ನಿನ್ನ ಜೀವಮಾನದಲ್ಲಿ ಕೊಡ್ತೀನಿ ಅಂತ ಕಾದು ಕೂತಿದ್ದವನು ಅವನೊಬ್ಬನೇ.”

ಅವನು ತಲೆಯಾಡಿಸಿದ. ಕಾರುಗಳ ಸಾಲು ಬಂದು ಹಿಂದೆ ನಿಂತಿತು, ಯಾರೋ ಹಾರ್ನ್ ಹೊಡೆದರು.

“ಮಾವ, ಮಳೆ ಬರೋ ಹಾಗಿದೆ” ಅಂದ ಸನದ್. “ಹಾಸಿಗೆ ನೆನೆಯತ್ತೆ. ನಾವು ಹೊರಡ್ತೀವಿ.” ಅವನು ಮಾವನ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಫಾಯಿಕ್‌ಗೆ ಸುಲಭವಾಗುತ್ತಿತ್ತು.

ಮುಂದಿನ ಸರ್ಕಾರದಲ್ಲಿ ಫಾಯಿಕ್ ಇರಲಿಲ್ಲ. ತಾನೇ ಬೇಡವೆಂದನಂತೆ. ಪತ್ರಿಕೆಗಳು ಭಿನ್ನಮತ ಎಂದು ಬರೆದವು, ಕಾಫಿಯಂಗಡಿಯಲ್ಲಿ ಕೂತವರು, ಯಾರೋ ಅವನ ಕಾಲೆಳೆದಿದ್ದಾರೆಂದು ವಾದಿಸಿದರು. ಅವನು ಊರಿಗೆ ಬಂದು ನೆಲೆಸಿದ. ಆ ಚಳಿಗಾಲದಲ್ಲಿ ಅಬು ಅದ್ಹಮ್ ತೀರಿಕೊಂಡರು, ನಾಲಿಗೆ ತುದಿಯ ಮಾತು ಅವರ ಜೊತೆಗೇ ಹೋಯಿತು. ಆಮೇಲೆ ಶುಕ್ರವಾರದ ನಮಾಜು ಮುಗಿಸಿ ಫಾಯಿಕ್ ಒಬ್ಬನೇ ತಯ್ಸೀರ್‌ನ ಅಂಗಳಕ್ಕೆ ಹೋಗಿ ಕೂರುವುದಕ್ಕೆ ಶುರುಮಾಡಿದ. ತಯ್ಸೀರ್ ಮರ್ಯಾದೆಯಿಂದಲೇ ಕುರ್ಚಿ ಹಾಕುತ್ತಿದ್ದ, ಹವಾಮಾನ ಮಾತಾಡುತ್ತಿದ್ದ, ಕಾಫಿ ಮಾತ್ರ ಇಡುತ್ತಿರಲಿಲ್ಲ. ಮುಂದೆ ಕಾಫಿಯೇ ಇಲ್ಲದವನು ಏನು ಕೇಳಿಯಾನು? ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದ. ಮುಂದಿನ ಶುಕ್ರವಾರ ಮತ್ತೆ ಹೋಗುತ್ತಿದ್ದ. ಊರಿನ ಪಡ್ಡೆಗಳು ಇದನ್ನು ಶಾಂತಿ ಮಾತುಕತೆ ಎಂದು ಕರೆದು ನಗುತ್ತಿದ್ದರಂತೆ.

ಹೃದಯ ನಿಂತು ಹೋದಾಗ ಅವನಿಗೆ ಸರ್ಕಾರಿ ಗೌರವ ಸಿಕ್ಕಿತು. ಹೆಗಲಿನವರೆಗೆ ಹೊದಿಸಿದ ಬಾವುಟ, ಸಿಪಾಯಿಗಳು, ಮಾಜಿ ಹಾಲಿ ಮಂತ್ರಿಗಳೆಲ್ಲ ಬಂದರು. ಬೆತ್ಲೆಹೆಮ್‌ಗೆ ತಯ್ಸೀರ್‌ನಿಂದ ಒಂದು ಮಾತು ಬಂತು. “ಅಕ್ಕ ಬೇಕಾದ್ರೆ ಬಂದು ಮಣ್ಣು ಮಾಡಿ ಹೋಗ್ಲಿ. ಮಗ ಬೇಡ.”

“ಹೋಗಮ್ಮ” ಅಂದ ಸನದ್. “ನಾನು ಗಾಣದ ಹತ್ರ ಇರ್ತೀನಿ.”

ಗಾಣದವರೆಗೆ ಇಬ್ಬರೂ ಹೋದೆವು. ಇಳಿದು ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದೆ. ಅವನು ಸ್ಟಿಯರಿಂಗ್ ಮೇಲೆ ಹಣೆಯಿಟ್ಟುಕೊಂಡಿದ್ದ. ಫಾಯಿಕ್‌ಗೆ ನಾನೊಬ್ಬಳೇ ಅಕ್ಕ, ನಿಜ. ಆದರೆ ಇವನನ್ನು ಊರಾಚೆ ನಿಲ್ಲಿಸಿ ನಾನು ಒಳಗೆ ಹೋದರೆ, ಇವನು ಹೊರಗಿನವನು ಅಂತ ನಾನೂ ಒಪ್ಪಿದ ಹಾಗೆ. ವಾಪಸ್ಸು ಬಂದು ಅವನ ಪಕ್ಕದಲ್ಲಿ ಕೂತೆ.

ಶವದ ಗಾಡಿ ನಮ್ಮನ್ನು ಕಂಡು ನಿಂತಿತು. ಹಾಗೆ ನಿಲ್ಲಿಸಬೇಕೆಂದು ಫಾಯಿಕ್ ಆಸ್ಪತ್ರೆಯಲ್ಲೇ ಝುಹ್ದಿಗೆ ಹೇಳಿದ್ದನಂತೆ. ಹಿಂದಿನ ಕಾರಿನವರು ಗವರ್ನರ್ ಕಾಯುತ್ತಿದ್ದಾರೆಂದು ಗೊಣಗಿದರು. ಝುಹ್ದಿ ಹಿಂಬಾಗಿಲು ತೆರೆದು ಮುಖದ ಬಟ್ಟೆ ಸರಿಸಿದ. ಗಡ್ಡ ಬೋಳಿಸದೆ ಎರಡು ದಿನವಾಗಿತ್ತೇನೋ, ಮೇಷ್ಟ್ರಾಗಿದ್ದಾಗಿನ ಹಾಗೇ ಕಂಡ. ಸನದ್ ಬಗ್ಗಿ ಮಾವನ ಹಣೆಗೆ ಮುತ್ತಿಟ್ಟ.

ನನಗೆ ಫಾಯಿಕ್ ಮೇಲೆ ಸಿಟ್ಟು ಇನ್ನೂ ಇತ್ತು. ಇವತ್ತೂ ಇದೆ. ಅದಕ್ಕಿಂತ ಜಾಸ್ತಿ ಸಂಕಟವಿತ್ತು, ಇಷ್ಟು ಒಳ್ಳೆಯ ಹುಡುಗನನ್ನು ಯಾರು ಹೀಗೆ ಮಾಡಿಟ್ಟರು ಎಂದು.

“ನೀನಾದ್ರೂ ಮನೆಗೆ ಹೋಗೋ” ಎಂದೆ ತಮ್ಮನಿಗೆ.

ಗಾಡಿ ಏರು ಹತ್ತಿತು. ಅದರ ಹಿಂದೆ ನಮಗೆ ಹೆಸರೂ ಗೊತ್ತಿಲ್ಲದವರ ಕಾರುಗಳೆಲ್ಲ ನಮ್ಮೂರೊಳಗೆ ಹೋದವು.